ಕಾರ್ಟೂನ್ ಬರೆಯುವವರ ಪಾಡು

ಮುಂಬೈ ಪಕ್ಕದ ಡೊಂಬಿವಲಿಯ ಮದುವೆಮನೆಯಲ್ಲಿ "ಟಿವಿಗೆ ಕಾರ್ಟೂನ್ ಬರೆಯುತ್ತೇನೆ" ಎಂದು ಯಾರಾದರೂ ಬಾಯಿಬಿಟ್ಟರೆ ಮುಗಿಯಿತು. ದೊಡ್ಡಮ್ಮ ಲಗ್ನಪತ್ರಿಕೆಯ ಬೆನ್ನು ತಿರುಗಿಸಿ, "ಹಾಗಾದ್ರೆ ನಮ್ಮ ಪುಟ್ಟನ ಮುಖ ಒಂದು ಬರೆದು ಕೊಡು ಮಾರಾಯ" ಅನ್ನುತ್ತಾರೆ. ತಪ್ಪು ಅವರದಲ್ಲ, ಕನ್ನಡದ್ದು. ನಮ್ಮಲ್ಲಿ ಕತೆಯನ್ನೂ ಬರೆಯುತ್ತಾರೆ, ಚಿತ್ರವನ್ನೂ ಬರೆಯುತ್ತಾರೆ. ಅನಿಮೇಷನ್‌ನಲ್ಲಿ ಇವು ಎರಡು ಬೇರೆ ಜಾತಿ: ಕತೆಯವನು ಒಂದು ಸಾಲು ಬರೆದರೆ ಚಿತ್ರದವರು ವಾರಗಟ್ಟಲೆ ಬರೆಯಬೇಕು. ನಡುವೆ ದುಡ್ಡಿನ ಲೆಕ್ಕ ಹಿಡಿದು ಕೂತ ಪ್ರೊಡ್ಯೂಸರ್‌ಗೆ ಬೀಳುವುದು ಮೂರನೇ ನಮೂನೆಯ ಬರೆ.

ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಸುಮಾರು 22 ನಿಮಿಷ. ಮಕ್ಕಳ ಚಾನೆಲ್‌ಗಳಲ್ಲಿ ಅದು ಹೆಚ್ಚಾಗಿ 11 ನಿಮಿಷದ ಎರಡು ಕತೆ. ನಮ್ಮ ಟಿವಿಗೆ ಸೆಕೆಂಡಿಗೆ 25 ಫ್ರೇಮ್ (ಒಂದೊಂದೂ ಒಂದು ನಿಂತ ಚಿತ್ರ), ಅಂದರೆ ಒಂದು ಕತೆಗೆ 16,500. ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿ ಜುಗ್ಗತನ ಮಾಡಿದರೂ 8,250.

ಹೊಸಬ ಅಂಧೇರಿ ಸ್ಟೇಷನ್ನಿನಿಂದ ತೊಪ್ಪೆಯಾಗಿ ಬಂದು, ಆ ಸಿಟ್ಟಿನಲ್ಲೇ "ಜೋರು ಮಳೆ" ಎಂದು ಬರೆದುಬಿಡುತ್ತಾನೆ. ಎರಡೇ ಪದ. ಆದರೆ ಶಾಟ್ ಶಾಟಿಗೂ ಮಳೆಯದೊಂದು ಪದರ ಬೇಕು, ನೆನೆದ ಅಂಗಿಗೆ ಬೇರೆ ಬಣ್ಣ, ತಲೆಗೆ ಅಂಟಿದ ಕೂದಲಿಗೆ ಬೇರೆ ವಿನ್ಯಾಸ. ಕೊಡೆ ಕೊಟ್ಟರೆ ಆ ಕೈ ಇಡೀ ಎಪಿಸೋಡು ಅದಕ್ಕೇ ಮುಡಿಪು. ಕೆನ್ನೆಗೆ ಬಾರಿಸುವುದಕ್ಕೂ ಸಿಗದು. ಪ್ರೊಡ್ಯೂಸರ್ ಮಳೆಯನ್ನು ಕಿಟಕಿಯಾಚೆ ತಳ್ಳಿ ಗುಡುಗಿನ ಸದ್ದಷ್ಟೇ ಉಳಿಸುತ್ತಾರೆ. "ದಾದರ್ ಮಾರ್ಕೆಟ್ಟಿಗೆ ಮಾರ್ಕೆಟ್ಟೇ ಅಟ್ಟಿಸಿಕೊಂಡು ಬರುತ್ತದೆ" ಎಂಬ ಸಾಲಿಗೂ ಇದೇ ಗತಿ. ಅಷ್ಟು ಜನರನ್ನು ಯಾರು ಬರೆಯಬೇಕು? ಒಂದು ದೂಳಿನ ಮೋಡ ಸಾಕು. ಎಂಟು ಚಿತ್ರ ಬರೆದು ಅವನ್ನೇ ಸುತ್ತಿಸುತ್ತಿದ್ದರೆ ಆಯಿತು. ನಡುನಡುವೆ ಒಂದು ಚಪ್ಪಲಿ, ಒಂದು ಬದನೆಕಾಯಿ ಹೊರಗೆ ಹಾರಬೇಕು.

ಎಲ್ಲಕ್ಕಿಂತ ಅಪಾಯಕಾರಿ ಮಾಟುಂಗಾದ ಉಡುಪಿ ಹೋಟೆಲ್ಲು. ತಿನ್ನುವ ದೃಶ್ಯದಲ್ಲಿ ತುತ್ತು ತುತ್ತಿಗೂ ದೋಸೆ ಚಿಕ್ಕದಾಗಬೇಕು. ಎಡಿಟರ್ ಎರಡು ಶಾಟ್ ಅದಲುಬದಲು ಮಾಡಿದನೋ, ತಿಂದ ದೋಸೆ ಮತ್ತೆ ಬೆಳೆದು ನಿಲ್ಲುತ್ತದೆ. ಸಾಂಬಾರಂತೂ ದೇವರಿಗೇ ಪ್ರೀತಿ. ಹರಿಯುವ ಯಾವುದನ್ನೂ ಅಗ್ಗದಲ್ಲಿ ಬರೆಯಲಾಗದು. ಆದ್ದರಿಂದ ಪಳಗಿದವನು ಮೂರಡಿ ಪೇಪರ್ ದೋಸೆಯನ್ನು ಒಂದೇ ಸಲಕ್ಕೆ ನುಂಗಿಸುತ್ತಾನೆ, ಹೊಟ್ಟೆ ದೋಸೆಯಾಕಾರಕ್ಕೆ ಚಾಚಿಕೊಳ್ಳುತ್ತದೆ. ನಾಲ್ಕೈದು ಚಿತ್ರದಲ್ಲಿ ಕೆಲಸ ಮುಗಿಯಿತು, ನಗುವೂ ಜಾಸ್ತಿ. ಕಾರ್ಟೂನ್ ಪಾತ್ರಗಳು ಊಟದ ಶಿಸ್ತು ಕಲಿಯದಿರುವುದಕ್ಕೆ ಅರ್ಧ ಕಾರಣ ಬಜೆಟ್ಟು.

ಜೋಕು ಬದುಕುವುದೋ ಸಾಯುವುದೋ ತೀರ್ಮಾನವಾಗುವುದು ಅನಿಮ್ಯಾಟಿಕ್‌ನಲ್ಲಿ. ಶಾಟ್‌ಗಳನ್ನು ಮೊದಲೇ ಗೀಚಿಟ್ಟ ಸ್ಟೋರಿಬೋರ್ಡಿನ ಚಿತ್ರಗಳನ್ನು ಸಾಲಾಗಿ ಜೋಡಿಸಿ, ಆಫೀಸಿನವರದೇ ಕಚ್ಚಾ ದನಿ ಸೇರಿಸಿದ ಒಣ ಸಿನಿಮಾ ಅದು. ಟೆರೇಸಿನಿಂದ ಕಾಲು ತಪ್ಪಿದವನು ಗಾಳಿಯಲ್ಲಿ ನಿಂತು, ಕೆಳಗೆ ನೋಡಿ, ನಮ್ಮನ್ನು ನೋಡಿ, ಆಮೇಲೆ ಬೀಳಬೇಕು. ಆ ನಿಲುವು 6 ಫ್ರೇಮಾದರೆ ಯಾರಿಗೂ ತಿಳಿಯದು, 20 ಆದರೆ ನಗು, 60 ಆದರೆ ಮಗು ರಿಮೋಟಿಗೆ ಕೈಹಾಕುತ್ತದೆ. ಅನಿಮ್ಯಾಟಿಕ್ ಒಪ್ಪಿಗೆಯಾಗುವ ಮೊದಲು ಇದನ್ನು ತಿದ್ದಲು ಒಂದು ಮಧ್ಯಾಹ್ನ ಸಾಕು. ಆಮೇಲೆ "ಒಂದು ಸಣ್ಣ ಬದಲಾವಣೆ" ಎಂದವನ ಜೊತೆ, ಶಾಟ್‌ಗಳ ಚೌಕಟ್ಟು ಹಾಕುವ ಲೇಔಟಿನವರು ಚಹಾ ಕುಡಿಯುವುದಿಲ್ಲ.

ಕಾಯುವಿಕೆಯೂ ಕಡಿಮೆಯೇನಲ್ಲ. 1989ರಿಂದ ಓಡುತ್ತಿರುವ ಅಮೆರಿಕದ 'ದಿ ಸಿಂಪ್ಸನ್ಸ್'ನಂಥ ಧಾರಾವಾಹಿಯ ಒಂದು ಕಂತು ತಯಾರಾಗಲು ಎಂಟೊಂಬತ್ತು ತಿಂಗಳು ಹಿಡಿಯುತ್ತದೆ. ಅಲ್ಲಿ ಸ್ಟಾಫ್ ರೈಟರ್, ಸ್ಟೋರಿ ಎಡಿಟರ್, ಕೋ-ಪ್ರೊಡ್ಯೂಸರ್ ಎಂದು ಏಣಿ. ಎಷ್ಟೋ ಸಲ ಪ್ರೊಡ್ಯೂಸರ್ ಎಂದರೆ ಬಡ್ತಿ ಪಡೆದ ಬರಹಗಾರನೇ. ಇಲ್ಲಿಯ ಏಣಿಗೆ ಮೆಟ್ಟಿಲು ಕಡಿಮೆ, ಎಪಿಸೋಡಿಗಿಷ್ಟು ಎಂಬ ಕೂಲಿಯಿಂದ ಶುರು. ಗಣಪತಿ ಹಬ್ಬದ ಜೋಕು ಹೊಳೆಯುವುದು ಗಿರ್ಗಾಂವ್ ಚೌಪಾಟಿಯಲ್ಲಿ ವಿಸರ್ಜನೆ ನಡೆಯುವಾಗ. ಅದು ಪರದೆಗೆ ಬರುವುದು ಮುಂದಿನ ಗಣಪತಿಗೆ.

ಹಿಂದಿಯಲ್ಲಿ ತುಟಿ ಆಡಿಸಿ ಮುಗಿದ ಮೇಲೆ ಕನ್ನಡ ಡಬ್ಬಿಂಗ್. "ಬಾಪ್ ರೇ ಬಾಪ್" ಅನ್ನುವಾಗ ಬಾಯಿ ಪದೇಪದೇ ಮುಚ್ಚುತ್ತದೆ. ಅಲ್ಲಿ "ಅಯ್ಯೋ ದೇವರೇ" ಎಂದು ಬರೆದರೆ ಮುಚ್ಚಿದ ಬಾಯಿಂದ ಮಾತು ಬಂದಂತಾಗುತ್ತದೆ. ಆಗ ಕೈಹಿಡಿಯುವುದು "ಅಬ್ಬಬ್ಬಬ್ಬಾ!" ಪ, ಬ, ಮ ಇರುವ ಇಂಥ ಉದ್ಗಾರಗಳ ಪಟ್ಟಿಯೊಂದು ಡಬ್ಬಿಂಗ್ ಬರಹಗಾರನ ಜೇಬಿನಲ್ಲಿ ಇರಲೇಬೇಕು.

ಕೊನೆಗೊಂದು ದಿನ ಪ್ರಸಾರ. ಡೊಂಬಿವಲಿಯಲ್ಲಿ ಮನೆಮಂದಿಯೆಲ್ಲ ಟಿವಿ ಮುಂದೆ. ಕತೆ ಮುಗಿದು ಹೆಸರುಗಳು ಏರತೊಡಗಿದ ಕೂಡಲೇ ಚಾನೆಲ್ಲಿನವರು ಅವನ್ನು ಪರದೆಯ ಮೂಲೆಗೆ ಕುಗ್ಗಿಸಿ ಮುಂದಿನ ಕಾರ್ಯಕ್ರಮದ ಡಂಗುರ ಶುರುಮಾಡುತ್ತಾರೆ. ದೊಡ್ಡಮ್ಮ ಕನ್ನಡಕ ಹುಡುಕಿ ತರುವಷ್ಟರಲ್ಲಿ ಬಿಸ್ಕತ್ತಿನ ಜಾಹೀರಾತು.

"ಇದನ್ನೂ ನೀನೇ ಬರೆದದ್ದಾ?"