ತಾಯಿಯ ಸರ ಅಡವಿಟ್ಟು ಫುಲ್ ಫ್ರೇಮ್ ಕೊಳ್ಳಬೇಕೇ?

ಮೊನ್ನೆ ಪಾಂಡವಪುರದ ಹುಡುಗನೊಬ್ಬ ಮೈಸೂರಿನ ನಮ್ಮ ಮನೆಗೆ ಬಂದಿದ್ದ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕವೇ ಸೆನ್ಸರ್; ಅದು ದೊಡ್ಡದಿದ್ದರೆ ಫುಲ್ ಫ್ರೇಮ್, ಚಿಕ್ಕದಿದ್ದರೆ ಕ್ರಾಪ್ ಸೆನ್ಸರ್. ಅವನು ಮೂರು ವರ್ಷದಿಂದ ಕ್ರಾಪ್ ಸೆನ್ಸರ್ ಕ್ಯಾಮೆರಾದಲ್ಲೇ ಮದುವೆ, ನಾಮಕರಣಗಳ ಫೋಟೊ ತೆಗೆಯುತ್ತಿದ್ದಾನೆ. ಒಳ್ಳೆಯ ಕಣ್ಣಿದೆ. ಯಾರೋ ಸ್ಟುಡಿಯೊದವರು ‘ಫುಲ್ ಫ್ರೇಮ್ ಇದ್ದರೆ ಮಾತ್ರ ಬಾ’ ಎಂದರಂತೆ. ತಾಯಿಯ ಚಿನ್ನದ ಸರ ಅಡವಿಡುವ ಯೋಚನೆಯಲ್ಲಿದ್ದ. ಕೇಳಿ ಸಂಕಟವಾಯಿತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಇಂಥ ಹುಡುಗರು ಇನ್ನೂ ಎಷ್ಟೋ ಮಂದಿ ಇದ್ದಾರೆ.

‘ಫುಲ್’ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಆ ಸೆನ್ಸರಿನ 36×24 ಮಿಲಿಮೀಟರ್ ಎಂಬುದು ಫಿಲ್ಮ್ ಕಾಲದ ಅಳತೆ. ಆಸ್ಕರ್ ಬರ್ನಾಕ್ ಸಿನಿಮಾ ರೀಲು ಬಳಸಿ ರೂಪಿಸಿದ ಲೈಕಾ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಆ ಅಳತೆ ರೂಢಿಯಾಯಿತು. ಅದಕ್ಕಿಂತ ದೊಡ್ಡ ಸೆನ್ಸರ್‌ಗಳೂ ಇವೆ. ಹಾಗಾದರೆ ಪೂರ್ಣ ಯಾವುದು?

ವ್ಯತ್ಯಾಸವೇ ಇಲ್ಲ ಎನ್ನುತ್ತಿಲ್ಲ. ಕ್ರಾಪ್ ಸೆನ್ಸರ್‌ಗಳಲ್ಲಿ ಸಾಮಾನ್ಯವಾದ ಎಪಿಎಸ್-ಸಿ ಸೆನ್ಸರ್ ಸುಮಾರು 23.5×15.6 ಮಿಲಿಮೀಟರ್. ಫುಲ್ ಫ್ರೇಮ್‌ನ ವಿಸ್ತೀರ್ಣ ಅದರ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು. ಬೆಳಕೂ ಅಷ್ಟೇ ಹೆಚ್ಚು ಬೀಳುತ್ತದೆ, ಅಂದರೆ ಸರಿಸುಮಾರು ಒಂದೂಕಾಲು ಸ್ಟಾಪ್ (ಬೆಳಕು ಇಮ್ಮಡಿಯಾದರೆ ಒಂದು ಸ್ಟಾಪ್). ಲೆನ್ಸಿನ ಎಫ್ ಸಂಖ್ಯೆ ಇಳಿದಷ್ಟೂ ಬೆಳಕು ಬರುವ ಕಿಂಡಿ, ಅಂದರೆ ಅಪರ್ಚರ್, ದೊಡ್ಡದು. ಎಫ್ 2.8 ಲೆನ್ಸ್ ಬಿಟ್ಟು ಎಫ್ 1.8 ಲೆನ್ಸ್ ಹಾಕಿದರೆ ಹೆಚ್ಚುಕಡಿಮೆ ಅಷ್ಟೇ ಬೆಳಕು ಸಿಗುತ್ತದೆ. 50 ಎಂಎಂ ಎಫ್ 1.8 ಲೆನ್ಸಿನ ಬೆಲೆಯನ್ನೂ ಹೊಸ ಫುಲ್ ಫ್ರೇಮ್ ಬಾಡಿಯ (ಲೆನ್ಸ್ ಇಲ್ಲದ ಕ್ಯಾಮೆರಾ) ಬೆಲೆಯನ್ನೂ ಪಕ್ಕಪಕ್ಕದಲ್ಲಿ ಬರೆದುಕೊಂಡು ನೋಡು ಎಂದೆ.

ಹಕ್ಕಿಗಳ ವಿಷಯಕ್ಕೆ ಬಂದರಂತೂ ನನಗೆ ಸಂದೇಹವೇ ಇಲ್ಲ. ಬೆಳಗಿನ ಬಿಸಿಲಿನಲ್ಲಿ ರಂಗನತಿಟ್ಟಿನ ದೋಣಿ ಬಂಡೆಯತ್ತ ವಾಲುತ್ತದೆ. ನದಿ ರೀವ (ರಿವರ್ ಟರ್ನ್) ಹಕ್ಕಿ ಕೊಕ್ಕಿನಲ್ಲಿ ಬೆಳ್ಳಿಯಂಥ ಮೀನು ಕಚ್ಚಿಕೊಂಡು ನೇರವಾಗಿ ನಮ್ಮತ್ತಲೇ ಬರುತ್ತದೆ. ದೋಣಿ ಅಲುಗುತ್ತಿದೆ, ಮೊಣಕೈ ಊರಲು ಜಾಗವಿಲ್ಲ. ಆಗ ಕೈಯಲ್ಲಿ ಹಗುರವಾದ ಬಾಡಿ ಮತ್ತು 300 ಎಂಎಂ ಲೆನ್ಸ್ ಇದ್ದರೆ ಎಪಿಎಸ್-ಸಿಯಲ್ಲಿ, ಫುಲ್ ಫ್ರೇಮ್‌ಗೆ 450 ಎಂಎಂ ಲೆನ್ಸ್ ಹಾಕಿದಷ್ಟು ಹತ್ತಿರದ ನೋಟ ಸಿಗುತ್ತದೆ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಚಿತ್ರವನ್ನು ಅಷ್ಟೇ ನೋಟಕ್ಕೆ ಕತ್ತರಿಸಿದರೆ ಉಳಿಯುವುದು ಸುಮಾರು 10 ಮೆಗಾಪಿಕ್ಸೆಲ್. ರೆಕ್ಕೆಯ ಗರಿ ಗರಿಯೂ ಬೇಕೆನ್ನುವವರಿಗೆ ಇದು ಸಣ್ಣ ನಷ್ಟವಲ್ಲ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳಾದರೋ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಅಲ್ಲಿ ಬೇಕಾದದ್ದು ತಾಳ್ಮೆ.

ಅರಮನೆಯ ದೀಪಾಲಂಕಾರಕ್ಕೆ ಫುಲ್ ಫ್ರೇಮ್ ಬೇಕೇ ಬೇಕು ಎನ್ನುವವರಿದ್ದಾರೆ. ಅರಮನೆ ಓಡಿಹೋಗುವುದಿಲ್ಲ. ಕ್ಯಾಮೆರಾವನ್ನು ಅಲುಗದಂತೆ ಊರಿ, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100ಕ್ಕಿಟ್ಟು, ಹೆಚ್ಚು ಹೊತ್ತು ಬೆಳಕು ಬೀಳಲು ಬಿಟ್ಟು ತೆಗೆಯಿರಿ.

ನನ್ನ ಬಳಿ ಫುಲ್ ಫ್ರೇಮ್ ಇದೆ, ಮಾರುವುದೂ ಇಲ್ಲ. ಹಳೆಯ ದೇವಸ್ಥಾನದೊಳಗೆ ನಸುಕಿನ ಮುಹೂರ್ತ, ಫ್ಲ್ಯಾಶ್ ಹಾಕುವಂತಿಲ್ಲ, ಎರಡು ದೀಪಗಳ ಬೆಳಕಿನಲ್ಲಿ ಧಾರೆಯ ಹಾಲು ತೆಂಗಿನಕಾಯಿಯ ಮೇಲಿಂದ ಜಾರುತ್ತಿದೆ, ತಂದೆಯ ಬೆರಳು ನಡುಗುತ್ತಿದೆ. ಅಲ್ಲಿ ಆ ಒಂದೂಕಾಲು ಸ್ಟಾಪ್ ಚಿನ್ನ. ದೊಡ್ಡ ಅಪರ್ಚರ್ ಲೆನ್ಸೂ ಸೋಲುವ ಕತ್ತಲೆ ಅದು. ಬನ್ನಿಮಂಟಪದ ಪಂಜಿನ ಕವಾಯತಿನಲ್ಲೂ ಹೀಗೆಯೇ: ಕತ್ತಲೆಯಲ್ಲಿ ಓಡುವ ಬೆಂಕಿ, ಓಡುವ ಜನ.

ಆದರೆ ಅಂಥ ಕೆಲಸ ಅವನಿಗೆ ವರ್ಷಕ್ಕೆ ಎಷ್ಟು ಸಲ ಬರುತ್ತದೆ? ಲೆಕ್ಕ ಹಾಕಿ ನಾಲ್ಕೈದು ಎಂದ. ಆ ದಿನಗಳಿಗೆ ಬಾಡಿಗೆಗೆ ತಾ, ಇಲ್ಲವೇ ನನ್ನದನ್ನೇ ಒಯ್ಯಿ ಎಂದೆ. ಮುಂದಿನ ಮುಹೂರ್ತ ಮದ್ದೂರಿನಲ್ಲಂತೆ. ಹಿಂದಿನ ಸಂಜೆ ಬಂದು ಒಯ್ಯುತ್ತಾನೆ.