ಹತ್ತಕ್ಕೆ ಏಳು ಅಂದ್ರೆ ಫೇಲು

ವಿಡಿಯೋ ಗೇಮ್ ಹೇಗಿದೆ ಅಂತ ಕೇಳಿದ್ರೆ ಈಗ ಯಾರೂ ಮಾತಲ್ಲಿ ಹೇಳಲ್ಲ, ನಂಬರ್ ಒಗೀತಾರೆ. 8.8. ಆ ಪಾಯಿಂಟ್ ಎಂಟನ್ನ ಯಾವ ತಕ್ಕಡೀಲಿ ತೂಗಿದ್ರಿ ಸ್ವಾಮಿ ಅಂತ ಕೇಳಂಗಿಲ್ಲ. 2006ರಲ್ಲಿ ಝೆಲ್ಡಾ ಟ್ವೈಲೈಟ್ ಪ್ರಿನ್ಸೆಸ್‌ಗೆ ಗೇಮ್‌ಸ್ಪಾಟ್ ಅನ್ನೋ ಗೇಮ್ ವಿಮರ್ಶೆ ವೆಬ್‌ಸೈಟ್ ಹತ್ತಕ್ಕೆ ಇದೇ 8.8 ಕೊಟ್ಟಾಗ ಅಭಿಮಾನಿಗಳು ಕುಲದೇವರಿಗೇ ಬೈದಂಗೆ ಹಾರಾಡಿದ್ರು.

ತಪ್ಪು ಅವರದ್ದಲ್ಲ ಬಿಡಿ. ಹೆಸರಿಗಷ್ಟೇ ಹತ್ತು ಅಂಕ, ಡ್ಯೂಟಿ ಮಾಡೋವು ಏಳು ಎಂಟು ಒಂಬತ್ತು ಹತ್ತು ಮಾತ್ರ. ಒಂದರಿಂದ ಆರು ಕೆಲಸ ಇಲ್ದೆ ಮೂಲೇಲಿ ಆಕಳಿಸ್ತಾ ಕೂತಿವೆ, ಯಾವಾಗ್ಲೋ ಒಂದ್ಸಲ ತೀರಾ ಗತಿಗೆಟ್ಟ ಗೇಮ್ ಬಂದಾಗ ಐದನ್ನ ಕರೆಸಿ ಕೆಲಸ ಮುಗಿದ ಮೇಲೆ ವಾಪಸ್ ಕಳಿಸ್ತಾರೆ. ಎಲ್ಲರ ಅಂಕ ಸೇರಿಸಿ ಸರಾಸರಿ ತೆಗೆಯೋ ಮೆಟಾಕ್ರಿಟಿಕ್ ವೆಬ್‌ಸೈಟ್ ಅಂತೂ ಇದನ್ನ ಕಾನೂನೇ ಮಾಡ್ಬಿಟ್ಟಿದೆ: ಸಿನಿಮಾಗೆ ನೂರಕ್ಕೆ 61 ಬಂದ್ರೆ ಹಸಿರು, ಅಂದ್ರೆ ಚೆನ್ನಾಗಿದೆ ಅಂತ, ಗೇಮ್‌ಗೆ ಹಸಿರು ಬೇಕಂದ್ರೆ 75. ಅದೇ 70 ತಗೊಂಡ ಸಿನಿಮಾ ಎದೆ ಉಬ್ಬಿಸ್ಕೊಂಡು ಓಡಾಡುತ್ತೆ, ಗೇಮು ಮುಖಕ್ಕೆ ಹಳದಿ ಬಳ್ಕೊಂಡು ನಿಂತಿರುತ್ತೆ. ಅದ್ರಲ್ಲೂ ಯಾರ ಅಂಕಕ್ಕೆ ಎಷ್ಟು ತೂಕ ಕೊಡ್ತಾರೆ ಅನ್ನೋದು ಗುಟ್ಟು.

2014ರಲ್ಲಿ ಪೋಕೆಮಾನ್ ಆಲ್ಫಾ ಸಫೈರ್‌ಗೆ ಐಜಿಎನ್ ಅನ್ನೋ ಇನ್ನೊಂದು ವಿಮರ್ಶೆ ವೆಬ್‌ಸೈಟ್ 7.8 ಕೊಟ್ಟು ಕೊರತೆಗಳ ಪಟ್ಟೀಲಿ 'ನೀರು ಜಾಸ್ತಿ' ಅಂತ ಬರೆದಿತ್ತು. ವಿಮರ್ಶೆ ಓದಿದ್ರೆ ಅದ್ರಲ್ಲಿ ಅರ್ಥ ಇದೆ, ಸಮುದ್ರದಲ್ಲಿ ಅಲೆದೂ ಅಲೆದೂ ಬೇಜಾರಾಗುತ್ತೆ ಅಂತ, ಆದ್ರೆ ಓದೋರ್ಯಾರು? ನನಗಿರೋ ಡೌಟ್ ಒಂದೇ, ಎಷ್ಟು ಬಿಂದಿಗೆ ನೀರು ಎತ್ತಿ ಹೊರಗೆ ಚೆಲ್ಲಿದ್ರೆ 8 ಆಗ್ತಿತ್ತು?

ನಗು ನಿಲ್ಲೋದು ಇದೇ ನಂಬರ್ ಸಂಬಳಕ್ಕೆ ಕೈ ಹಾಕ್ದಾಗ. 2010ರ ಫಾಲ್ಔಟ್ ನ್ಯೂ ವೇಗಸ್ ಮಾಡಿದ ಅಬ್ಸಿಡಿಯನ್ ಕಂಪನಿಗೆ ಮೆಟಾಕ್ರಿಟಿಕ್‌ನಲ್ಲಿ 85 ಬಂದ್ರೆ ಬೋನಸ್ ಅಂತ ಒಪ್ಪಂದ ಆಗಿತ್ತು. ಬಂದಿದ್ದು 84. ಅವರ ಕಡೆಯೋರೇ 2012ರಲ್ಲಿ ಬಾಯಿಬಿಟ್ಟ ವಿಷಯ ಇದು. ಅಷ್ಟು ಜನ ನಿದ್ದೆಗೆಟ್ಟು ಕೆಲಸ ಮಾಡಿ ಒಂದೇ ಒಂದು ಅಂಕಕ್ಕೆ ಬರಿಗೈ, ಯಾವನೋ ವಿಮರ್ಶಕ ಹೊಟ್ಟೆ ಹಸ್ಕೊಂಡು ಕೂತು ಎಂಟೂವರೆ ಅಂತ ಬರೆಯೋ ಜಾಗದಲ್ಲಿ ಎಂಟು ಅಂತ ಬರೆದಿದ್ರೂ ಅಷ್ಟೇ ಕಥೆ. ಗ್ರೇಸ್ ಮಾರ್ಕ್ಸ್ ಕೊಡೋ ಪುಣ್ಯಾತ್ಮ ಅಲ್ಲಿ ಯಾರೂ ಇರ್ಲಿಲ್ಲ.

ಹಂಗಾದ್ರೆ ಜನರೇ ಅಂಕ ಕೊಡ್ಲಿ ಅಂತೀರಾ, ಅದೂ ಆಗಿದೆ. 2020ರಲ್ಲಿ ದಿ ಲಾಸ್ಟ್ ಆಫ್ ಅಸ್ ಎರಡನೇ ಭಾಗ ಬಂತು, ಮುಗಿಸೋಕೆ 20 ಗಂಟೆಗೂ ಜಾಸ್ತಿ ಬೇಕು, ನಮ್ಮ ಮಹಾನುಭಾವರು ಬಂದ ದಿನಾನೇ ಸಾವಿರಗಟ್ಟಲೆ ಸೊನ್ನೆ ಸುತ್ತಿದ್ರು. ಕೊನೆಗೆ ಮೆಟಾಕ್ರಿಟಿಕ್ ಗೇಮ್ ಬಂದು 36 ಗಂಟೆ ಆಗೋವರೆಗೂ ಯಾರೂ ಅಂಕ ಹಾಕಂಗಿಲ್ಲ ಅಂತ ನಿಯಮ ತಂತು. ಈಗ ಆಡದೇ ಇರೋರೂ 36 ಗಂಟೆ ಕಾದು ಸೊನ್ನೆ ಹಾಕ್ಬೇಕು, ಪಾಪ. (ನಾನೇನ್ ಸಾಚಾ ಅಲ್ಲ, ಮೊದ್ಲು ಕೆಳಗಡೆ ನಂಬರ್ ನೋಡಿ ಆಮೇಲೆ ಮೇಲಿರೋದನ್ನ ಓದೋ ಜಾತಿ, ಎಷ್ಟೋ ಸಲ ಓದೋದೂ ಇಲ್ಲ.)

ಈ ಸಹವಾಸನೇ ಬೇಡ ಅಂತ ಯೂರೋಗೇಮರ್ ಅನ್ನೋ ವಿಮರ್ಶೆ ವೆಬ್‌ಸೈಟ್ 2015ರಲ್ಲಿ ಅಂಕ ಕೊಡೋದನ್ನೇ ಬಿಟ್ಟಿತ್ತು. 2023ರಲ್ಲಿ ಮತ್ತೆ ಶುರು ಮಾಡ್ತು, ಆದ್ರೆ ಈ ಸಲ ಅಂಕ ಅಲ್ವಂತೆ, ಸ್ಟಾರ್ ಅಂತೆ, ಐದಕ್ಕೆ ಇಷ್ಟು ಅಂತ. ಅಂತೂ ಒಂದರಿಂದ ಐದರವರೆಗೆ ಎಲ್ಲಕ್ಕೂ ಕೆಲಸ ಸಿಕ್ತು. ಆರು ಮಾತ್ರ ಇನ್ನೂ ಮೂಲೇಲೇ ಕೂತಿದೆ.