ಮೂರು ಗಂಟೆ ಏಳು ನಿಮಿಷ

ಸ್ಟಾಕ್‌ಹೋಮಿನಲ್ಲಿರುವ ಮಗನ ಮನೆಗೆ ಆ ಶನಿವಾರ ರಾತ್ರಿ ನಾಲ್ವರು ಸ್ನೇಹಿತರು ಊಟಕ್ಕೆ ಬರುವವರಿದ್ದರು. "ಅಪ್ಪ, ವೈನ್ ನೀವೇ ತಂದುಬಿಡಿ, ಆದರೆ ಮೂರು ಗಂಟೆಯೊಳಗೆ ಹೋಗಿ" ಎಂದು ಮಗ ಎಚ್ಚರಿಸಿದ್ದರೂ, ಅರ್ಧ ಇಳಿಸಿದ ಷಟರಿನ ಕೆಳಗಿನಿಂದ ಕೈಗಳು ಒಳಹೋಗಿ ಬಾಟಲಿಸಮೇತ ಹೊರಬರುವುದನ್ನು ಊರಿನಲ್ಲಿ ಎಷ್ಟೋ ರಾತ್ರಿ ಕಂಡಿದ್ದ ನಾನು ಆ ಮಾತಿಗೆ ಅಷ್ಟಾಗಿ ಬೆಲೆ ಕೊಡಲಿಲ್ಲ. ನಾನು ಮದ್ಯದಂಗಡಿ ತಲುಪಿದಾಗ ಮೂರು ಗಂಟೆ ಏಳು ನಿಮಿಷವಾಗಿತ್ತು. ಗಾಜಿನ ಬಾಗಿಲಾಚೆ ನೆಲ ಒರೆಸುತ್ತಿದ್ದ ಯುವಕ ಗೋಡೆಯ ಗಡಿಯಾರವನ್ನು ತೋರಿಸಿ ಮುಗುಳ್ನಕ್ಕ. ಮರುದಿನ ಭಾನುವಾರ, ಅಂದು ದೇಶದ ಅಂಥ ಅಂಗಡಿಗಳಿಗೆಲ್ಲ ರಜೆ.

ಸ್ವೀಡನ್ನಿನಲ್ಲಿ ವೈನ್, ವಿಸ್ಕಿ, ಶೇಕಡಾ 3.5ಕ್ಕಿಂತ ಗಟ್ಟಿಯಾದ ಬಿಯರ್ ಇವನ್ನು ಮನೆಗೆ ಒಯ್ಯಬೇಕಾದರೆ ಬಹುಮಟ್ಟಿಗೆ ಸಿಸ್ಟೆಮ್‌ಬೊಲಾಗೆಟ್ ಎಂಬ ಸರ್ಕಾರಿ ಅಂಗಡಿಗೇ ಹೋಗಬೇಕು. ಹದಿನೆಂಟು ತುಂಬಿದವರು ಬಾರಿನಲ್ಲಿ ಕುಳಿತು ಕುಡಿಯಬಹುದು, ಮತ ಹಾಕಿ ಸರ್ಕಾರವನ್ನೇ ಉರುಳಿಸಬಹುದು. ಆ ಸರ್ಕಾರದ ಅಂಗಡಿಯಿಂದ ಬಾಟಲಿ ಕೊಳ್ಳಲು ಮಾತ್ರ ಇಪ್ಪತ್ತಾಗಬೇಕು.

ಆ ರಾತ್ರಿ ದಿನಸಿ ಅಂಗಡಿಯ ಸೌಮ್ಯ ಬಿಯರಿಗೇ ತೃಪ್ತರಾದ ಅತಿಥಿಗಳು, ನನ್ನ ಸಂಕೋಚವನ್ನು ಕಳೆಯಲೆಂದೋ ಏನೋ, ತಮ್ಮ ಅಜ್ಜಂದಿರ ಕಾಲದ ಮದ್ಯದ ಪಡಿತರ ಪುಸ್ತಕದ ಕಥೆ ತೆಗೆದರು. 1955ರಲ್ಲಿ ರದ್ದಾಗುವವರೆಗೂ ಕೊಂಡ ಬಾಟಲಿಗೆಲ್ಲ ಅದರಲ್ಲಿ ಲೆಕ್ಕವಿರುತ್ತಿತ್ತಂತೆ. ಮದುವೆಯಾದ ಹೆಂಗಸಿಗೆ ಸಾಮಾನ್ಯವಾಗಿ ಸ್ವಂತ ಪುಸ್ತಕವೇ ಇರಲಿಲ್ಲವಂತೆ. ಸಕ್ಕರೆ, ಸೀಮೆಎಣ್ಣೆಗಾಗಿ ಚೀಟಿ ಹಿಡಿದು ನಿಂತ ನಾನೇನು ಕಡಿಮೆ ಎಂದು, ನಮ್ಮ ಕರ್ನಾಟಕ ಸರ್ಕಾರದ ಎಂಎಸ್‌ಐಎಲ್ ಸಂಸ್ಥೆ ಮದ್ಯದ ಮಳಿಗೆಗಳ ಜೊತೆಗೆ ಚೀಟಿ ವ್ಯವಹಾರವನ್ನೂ ನಡೆಸುತ್ತದೆ, 'ಲೇಖಕ್' ಹೆಸರಿನ ನೋಟ್‌ಪುಸ್ತಕಗಳನ್ನೂ ಮಾರುತ್ತದೆ ಎಂದು ತಿಳಿಸಿದೆ. ಬರೆಯುವವರ ಅಗತ್ಯಗಳನ್ನು ಇಷ್ಟು ಸಮಗ್ರವಾಗಿ ಗ್ರಹಿಸಿದ ಸಂಸ್ಥೆ ತಮ್ಮಲ್ಲಿಲ್ಲವೆಂದು ಅವರು ಒಪ್ಪಿಕೊಂಡರು.

ಮುಂದಿನ ಶುಕ್ರವಾರ ಮಧ್ಯಾಹ್ನವೇ ಹೊರಟೆ. ಗೌರಿಹಬ್ಬದ ಮುನ್ನಾದಿನದ ಹೂವಿನ ಮಾರುಕಟ್ಟೆಯಷ್ಟು ಜನರಿದ್ದರೂ ಅಂಗಡಿ ಗ್ರಂಥಾಲಯದಂತೆ ನಿಶ್ಶಬ್ದವಾಗಿತ್ತು. ಕಪಾಟಿನ ಚೀಟಿಗಳಲ್ಲಿ ಯಾವ ವೈನು ಮೀನಿಗೆ, ಯಾವುದು ಮಾಂಸಕ್ಕೆ ಎಂಬ ಪುಟ್ಟ ಚಿತ್ರಗಳಿದ್ದವು. ನನ್ನ ತಬ್ಬಿಬ್ಬನ್ನು ಕಂಡು ಬಂದ ಸಿಬ್ಬಂದಿಯ ಹೆಣ್ಣುಮಗಳು ಊಟಕ್ಕೆ ಏನು ಮಾಡಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಬಿಸಿಬೇಳೆಬಾತ್ ಎಂದೆ. ಅವಳು ನಗಲಿಲ್ಲ, ಹುಣಸೆಹುಳಿ ಎಷ್ಟು, ಖಾರ ಎಷ್ಟು ಎಂದು ವೈದ್ಯರು ನಾಡಿ ಹಿಡಿದಂತೆ ವಿಚಾರಿಸಿದಳು. ಇಂಗನ್ನು ವಿವರಿಸಲು ನನಗೆ ನಾಲ್ಕು ನಿಮಿಷ ಹಿಡಿಯಿತು, ಹಿಂದಿದ್ದ ಮೂವರು ಸೌಜನ್ಯದಿಂದ ಕಾದರು. ಕೊನೆಗೆ ರೀಸ್ಲಿಂಗ್ ಎಂಬ ತುಸು ಸಿಹಿಯಾದ ಬಿಳಿ ವೈನ್ ಒಂದನ್ನು ನನ್ನ ಕೈಗಿತ್ತಳು.

ಹಣ ಕೊಟ್ಟದ್ದೇ ತಡ, ಹಳೆಯ ಅಭ್ಯಾಸ ಕೈಹಿಡಿಯಿತು. ಊರಿನಿಂದ ಚಟ್ನಿಪುಡಿಯ ಪೊಟ್ಟಣ ಸುತ್ತಿಕೊಂಡು ಬಂದಿದ್ದ ಕನ್ನಡ ಪತ್ರಿಕೆಯನ್ನು ಜೇಬಿನಿಂದ ತೆಗೆದು ಬಾಟಲಿಗೆ ಸುತ್ತಿ, ಬಟ್ಟೆಚೀಲದಲ್ಲಿಟ್ಟು, ಮೇಲೆ ಕೊತ್ತಂಬರಿ ಕಟ್ಟು ಹೊದಿಸಿದೆ. ಮನೆಯ ಲಿಫ್ಟಿನಲ್ಲಿ ಪಕ್ಕದ ಮನೆಯ ವೃದ್ಧೆ ಅದೇ ಅಂಗಡಿಯಿಂದ ತಂದ ಎರಡು ಬಾಟಲಿಗಳನ್ನು ಹಾಲಿನಷ್ಟೇ ನಿರಾಳವಾಗಿ ಎದೆಗವಚಿಕೊಂಡು ನಿಂತಿದ್ದರು. ನಾನು ಚೀಲವನ್ನು ಮೆಲ್ಲನೆ ಬೆನ್ನಹಿಂದೆ ಸರಿಸಿದೆ. ಅದು ಲಿಫ್ಟಿನ ಗೋಡೆಗೆ ತಾಗಿ ಠಣ್ ಎಂದಿತು.

"ಜೋಪಾನ, ಕೊತ್ತಂಬರಿ ಒಡೆದೀತು" ಎಂದರು ಅವರು, ಸ್ವಚ್ಛವಾದ ಇಂಗ್ಲಿಷಿನಲ್ಲಿ.